ಎಂಟನ್ನು ಹೊಡೆದು ಎರಡು ಬರೆದ ದಿನ

ನನ್ನ ಅಕ್ಷರ ಚೆನ್ನಾಗಿಲ್ಲ. ಡಾಕ್ಟರ ಬರಹ ಮೆಡಿಕಲ್ ಶಾಪಿನವರಿಗೆ ಮಾತ್ರ ಗೊತ್ತಾಗುತ್ತದೆ ಎಂದು ಜನ ನಗುವುದು ನನ್ನಂಥವರನ್ನು ನೋಡಿಯೇ. ಆದರೆ ಆ ಮಧ್ಯಾಹ್ನ ನೋವಿನ ಹಾಳೆಯ ಮೇಲೆ ನಾನು ಬರೆದ ಅಂಕಿ ಮಾತ್ರ ದುಂಡಗೆ, ಯಾರು ಬೇಕಾದರೂ ಓದುವ ಹಾಗಿದೆ. ಅದರ ಪಕ್ಕದಲ್ಲೇ ಹೊಡೆದು ಹಾಕಿದ ಇನ್ನೊಂದು ಅಂಕಿ ಇದೆ. ಅದು ವಾರ್ಡಿನ ಹಿರಿಯ ಸಿಸ್ಟರ್ ಬರೆದದ್ದು. ಹೊಡೆದದ್ದು ನಾನು, ಕೆಳಗೆ ಸಹಿ ಮಾಡಿದ್ದೂ ನಾನೇ.

ನಾನು ತಮಿಳುನಾಡಿನ ತೇನಿಯ ಒಂದು ಆಸ್ಪತ್ರೆಯಲ್ಲಿ ಅರಿವಳಿಕೆ ವೈದ್ಯೆ. ಬೆನ್ನುಮೂಳೆಯ ಆಪರೇಷನ್ ಮಾಡುವುದು ಸರ್ಜನ್ ಕೆಲಸ. ಮಲಗಿಸುವುದು, ಎಬ್ಬಿಸುವುದು, ಎದ್ದ ಮೇಲಿನ ನೋವು ನೋಡಿಕೊಳ್ಳುವುದು ನನ್ನ ಕೆಲಸ. ಮೊದಲು ನಾವೂ ಎಲ್ಲರ ಹಾಗೆಯೇ ಮಾಡುತ್ತಿದ್ದೆವು. ಆಪರೇಷನ್ ಆದ ಮೇಲೆ ಮೂರು ದಿನ ಮಾರ್ಫಿನ್ನು, ಆಮೇಲೆ ಅದೇ ಜಾತಿಯ ಮಾತ್ರೆ. ರೋಗಿ ಮಂಪರಿನಲ್ಲಿ ಬಿದ್ದಿರುತ್ತಿದ್ದ, ವಾಂತಿ ಮಾಡುತ್ತಿದ್ದ, ಹೊಟ್ಟೆ ಕಟ್ಟಿಕೊಂಡು ನರಳುತ್ತಿದ್ದ. ಎದ್ದು ನಿಲ್ಲಿಸಲು ಹೋದರೆ ತಲೆ ಸುತ್ತಿ ನಮ್ಮ ಮೇಲೆಯೇ ಬೀಳುತ್ತಿದ್ದ. ಇದೆಲ್ಲ ಆಪರೇಷನ್ನಿನ ಜೊತೆಗೆ ಬರುವಂಥದ್ದೇ ಎಂದು ನಾವೂ ನಂಬಿದ್ದೆವು, ಅವರೂ ನಂಬಿದ್ದರು.

ನನ್ನ ನಂಬಿಕೆ ಕೆಡಿಸಿದವನು ಒಬ್ಬ ಜೀಪ್ ಡ್ರೈವರ್. ಕಂಬಂನಿಂದ ಏಲಕ್ಕಿ ತೋಟದ ಆಳುಗಳನ್ನು ಬೆಟ್ಟ ಹತ್ತಿಸುತ್ತಿದ್ದ. ನಮ್ಮಲ್ಲೇ ಬೆನ್ನಿನ ಆಪರೇಷನ್ ಆಗಿತ್ತು, ಚೆನ್ನಾಗಿಯೇ ಆಗಿತ್ತು. ಮನೆಗೆ ಹೋಗುವಾಗ ಹತ್ತು ದಿನಕ್ಕೆಂದು ಬರೆದುಕೊಟ್ಟ, ಮಾರ್ಫಿನ್ ಜಾತಿಯ ಟ್ರಮಡಾಲ್ ಮಾತ್ರೆಯನ್ನು ಅವನು ಅದೇ ಹಳೆಯ ಚೀಟಿ ತೋರಿಸಿ ಒಂದು ವರ್ಷ ನುಂಗಿದ. ಮೊದಲು ಎರಡು, ಆಮೇಲೆ ಆರು, ಎಂಟು. ಕೊನೆಗೆ ಬಸ್ ಸ್ಟ್ಯಾಂಡಿನಲ್ಲಿ ಫಿಟ್ಸ್ ಬಂದು ಬಿದ್ದವನನ್ನು ನಮ್ಮ ಹತ್ತಿರವೇ ತಂದರು. ಅವನ ಹೆಂಡತಿ ನನ್ನ ಮುಂದೆ ನಿಂತು, "ಬೆನ್ನು ಸರಿ ಮಾಡಿ ಕಳಿಸಿದಿರಿ. ನನ್ನ ಗಂಡನನ್ನ ಎಲ್ಲಿ ಇಟ್ಟುಕೊಂಡಿರಿ?" ಎಂದು ತಮಿಳಿನಲ್ಲಿ ಕೇಳಿದಳು.

ಆಮೇಲೆ ನಾನು ಓದಿ, ಕೇಳಿ, ಬೇರೆ ಊರಿನ ಗೆಳೆಯರನ್ನು ಕಾಡಿ ಒಂದು ಕ್ರಮ ಕಟ್ಟಿದೆ. ಆಪರೇಷನ್ನಿಗೆ ಒಂದು ವಾರ ಮೊದಲೇ ರೋಗಿಯನ್ನು ಕರೆಸಿ ಪಾಠ ಮಾಡುವುದು: ಮಗ್ಗುಲಾಗಿ ಹೊರಳಿ ಹೇಗೆ ಏಳಬೇಕು, ಉಸಿರು ಹೇಗೆ ಎಳೆಯಬೇಕು, ಯಾವ ನೋವು ಬರುತ್ತದೆ, ಎಷ್ಟು ದಿನ ಇರುತ್ತದೆ. ಆಪರೇಷನ್ ದಿನ ಬರಿ ಹೊಟ್ಟೆಯಲ್ಲಿ ಇರಿಸದೆ, ಎರಡು ಗಂಟೆ ಮೊದಲು ಸೋಸಿದ ನನ್ನಾರಿ, ಅಂದರೆ ಸೊಗದೆ ಬೇರಿನ, ಶರಬತ್ತು ಕುಡಿಸುವುದು. ಮಲಗಿಸಿದ ಮೇಲೆ ಅಲ್ಟ್ರಾಸೌಂಡಿನಲ್ಲಿ ನೋಡುತ್ತ ಬೆನ್ನಿನ ಎರಡೂ ಬದಿಯ ಸ್ನಾಯುವಿನ ಕೆಳಗೆ, ಮೂಳೆಯ ರೆಕ್ಕೆಯ ಮೇಲೆ, ಮರಗಟ್ಟಿಸುವ ಔಷಧಿ ಹರಡುವುದು, ಅಂದರೆ ಬ್ಲಾಕ್ ಹಾಕುವುದು. ಎದ್ದ ಮೇಲೆ ಆರು ಗಂಟೆಗೊಮ್ಮೆ ಪ್ಯಾರಸಿಟಮಾಲ್, ಜೊತೆಗೆ ಊತ ಇಳಿಸುವ ಇಂಜೆಕ್ಷನ್. ಅದೇ ಸಂಜೆ ಕೂರಿಸುವುದು, ಮರುದಿನ ಬೆಳಿಗ್ಗೆ ನಡೆಸುವುದು. ಮಾರ್ಫಿನ್ನು ಬೀರುವಿನಲ್ಲಿ ಇರುತ್ತದೆ. ಸೊನ್ನೆಯಿಂದ ಹತ್ತರೊಳಗೆ ನೋವು ಎಷ್ಟು ಎಂದು ರೋಗಿಯನ್ನು ಕೇಳುವುದು; ಆರು ದಾಟಿದರೆ ಕೊಡುವುದು, ಇಲ್ಲದಿದ್ದರೆ ಇಲ್ಲ.

ಸರಳ ಅನ್ನಿಸುತ್ತದಲ್ಲ? ಜಾರಿಗೆ ತರಲು ಹೋದಾಗ ನನ್ನ ಜೀವ ಹೈರಾಣಾಯಿತು. ಆಪರೇಷನ್ನಿಗೆ ಮುಂಚೆ ಶರಬತ್ತೇ ಎಂದು ಥಿಯೇಟರಿನವರು ನಕ್ಕರು. ಬೆನ್ನಿಗೆ ಇಂಜೆಕ್ಷನ್ ಹಾಕುವ ಇಪ್ಪತ್ತು ನಿಮಿಷ ವ್ಯರ್ಥ ಎಂದು ಸರ್ಜನ್ ಗಡಿಯಾರ ನೋಡುತ್ತಿದ್ದರು. ಅವರು ದಿಂಡಿಗಲ್‌ನಲ್ಲಿ ಮನೆ ಮಾಡಿಕೊಂಡಿದ್ದವರು, ವಾರದಲ್ಲಿ ಎರಡು ದಿನ ಮಾತ್ರ ಬರುತ್ತಿದ್ದರು. ಆಡಳಿತದವರಂತೂ, "ರೋಗಿ ಕಿರುಚಿದರೆ ಊರಿಗೆಲ್ಲ ಕೇಳಿಸುತ್ತದೆ ಮೇಡಂ, ಸ್ವಲ್ಪ ದಿನ ನೋಡೋಣ, ಆಗದಿದ್ದರೆ ನಿಲ್ಲಿಸೋಣ" ಎಂದರು. ನನಗೆ ಮೂಗಿನ ತುದಿಯಲ್ಲೇ ಕೋಪ. ಮಾಡಿ ತೋರಿಸುತ್ತೇನೆ ಎಂದು ಹಟ ಹಿಡಿದೆ. ರೋಗಿಗಳು ನಿಜವಾಗಿಯೂ ಬೇಗ ಎದ್ದರು. ಮಂಪರಿಲ್ಲದೆ ಇಡ್ಲಿ ತಿಂದರು. ನನ್ನ ಹಟ ನಿಧಾನಕ್ಕೆ ಜಂಬವಾದದ್ದು ನನಗೆ ಗೊತ್ತೇ ಆಗಲಿಲ್ಲ.

ಅಷ್ಟರಲ್ಲಿ ಅವರು ಬಂದರು. ಐವತ್ತೈದರ ಆಸುಪಾಸಿನ ಹೆಂಗಸು, ಕಂಬಂ ಪಕ್ಕದ ದ್ರಾಕ್ಷಿ ತೋಟದ ಮನೆಯವರು. ಚಪ್ಪರದ ಕೆಳಗೆ ಕತ್ತೆತ್ತಿ, ಬೆನ್ನು ಹಿಂದಕ್ಕೆ ಬಾಗಿಸಿ, ಬಳ್ಳಿ ಸವರುವ ಕೆಲಸವನ್ನು ಹದಿನೈದನೆಯ ವಯಸ್ಸಿನಿಂದ ಮಾಡಿದವರು. ಸೊಂಟದ ಒಂದು ಮೂಳೆ ಇನ್ನೊಂದರ ಮೇಲಿನಿಂದ ಮುಂದಕ್ಕೆ ಜಾರಿತ್ತು, ನರ ಸಿಕ್ಕಿಕೊಂಡಿತ್ತು. ಚಪ್ಪರದ ಒಂದು ಸಾಲಿನ ಉದ್ದ ನಡೆಯುವಷ್ಟರಲ್ಲಿ ಕಾಲು ಉರಿದು ಕೂತುಬಿಡುತ್ತಿದ್ದರು. ಪಾಠದ ದಿನ ನಾನು ಎಂದಿನಂತೆ ತಮಿಳಿನಲ್ಲಿ ಶುರು ಮಾಡಿದೆ. ಅವರು ತಮ್ಮ ಮಗನ ಕಡೆ ತಿರುಗಿ, "ಇವಳು ಏನೋ ಬೆದರಿಸ್ತಾಳೆ, ಹೋಗಿಬಿಡಾನ ವಾ" ಎಂದು ಮೆಲ್ಲಗೆ ಅಂದರು. ಅಂದದ್ದು ನಮ್ಮ ಮನೆಮಾತಿನಲ್ಲಿ.

ಈ ಕಣಿವೆಯಲ್ಲಿ ನಮ್ಮಂಥ ಕನ್ನಡದ ಒಕ್ಕಲು ಮನೆಗಳು ಬೇಕಾದಷ್ಟಿವೆ. ಎಷ್ಟೋ ತಲೆಮಾರಿನ ಹಿಂದೆ ಬಂದು ನಿಂತವರು. ಬೀದಿಗೆ ತಮಿಳು, ಅಡುಗೆಮನೆಗೆ ಕನ್ನಡ. ನಾನು ಕನ್ನಡದ ಅಕ್ಷರ ಕಲಿತದ್ದೇ ಮೈಸೂರಿನಲ್ಲಿ ಓದುವಾಗ. ಬಿಳಿ ಕೋಟು ಹಾಕಿಕೊಂಡು ಆ ಮಾತು ಆಡುವ ಸಂದರ್ಭ ಬಂದದ್ದೇ ಇಲ್ಲ.

"ಬೆದರಿಸ್ತಿಲ್ಲ. ಆಗೋದನ್ನ ಹೇಳ್ತಿದ್ದೀನಿ," ಎಂದೆ, ನಮ್ಮ ಮಾತಿನಲ್ಲೇ.

ಅವರ ಬಾಯಿ ತೆರೆದೇ ಉಳಿಯಿತು. "ಅಯ್ಯೋ ದೇವ್ರೆ! ನಮ್ಮ ಪುಳ್ಳೆಯಾ ನೀನು? ಯಾವೂರು ಕಣ್ಣು?"

"ಚಿನ್ನಮನೂರು ಕಡೆ."

"ಯಾರ ಮನೆ?"

ಹೇಳಿದೆ. ನಮ್ಮವರಿಗೆ ನಾಲ್ಕು ಪ್ರಶ್ನೆ ಸಾಕು, ನಂಟು ಸಿಕ್ಕಿಬಿಡುತ್ತದೆ. ನನ್ನ ಅಜ್ಜಿಯ ತಂಗಿಯನ್ನು ಅವರ ದೊಡ್ಡಪ್ಪನ ಮನೆಗೆ ಕೊಟ್ಟಿತ್ತಂತೆ. "ಅಂಗಾದ್ರೆ ನಾನು ನಿನಗೆ ಅತ್ತೆ ಮುರೆ ಆಗ್ಬೇಕು. ಅತ್ತೆ ಅಂತ ಕೂಗು, ಸೆರಿಯಾ?" ಎಂದರು. ಕೂಗಿದೆ. ನನಗೂ ಎಷ್ಟೋ ಹಿತವಾಯಿತು ಎಂಬುದನ್ನು ಮುಚ್ಚಿಡುವುದಿಲ್ಲ. ಅಜ್ಜಿ ಹೋದ ಮೇಲೆ ನನ್ನನ್ನು ಪುಳ್ಳೆ, ಮಗು ಎಂದು, ಕಣ್ಣು ಎಂದು ಮುದ್ದಿನಿಂದ ಕರೆದವರು ಇರಲಿಲ್ಲ.

ಮುಂದಿನ ಒಂದು ಗಂಟೆ ನಾನು ಪಾಠ ಮಾಡಲಿಲ್ಲ, ಹರಟಿದೆ. ಮಾರ್ಫಿನ್ನು ಏಕೆ ಬೇಡ ಎಂದು ಹೇಳಿದೆ. ಜೀಪ್ ಡ್ರೈವರನ ಕಥೆ ಹೇಳಿದೆ. ಮೇಲಿನವರಿಗೆ ನನ್ನ ಕ್ರಮದ ಮೇಲೆ ನಂಬಿಕೆ ಇಲ್ಲ, ನಿಲ್ಲಿಸಲು ಕಾಯುತ್ತಿದ್ದಾರೆ ಎಂದೂ ಹೇಳಿದೆ. ರೋಗಿಗೆ ಹೇಳುವ ಮಾತೇ ಅದು? ಕೊನೆಗೆ, "ಅತ್ತೆ, ನೀವು ನಮ್ಮವರಲ್ಲಿ ಮೊದಲನೆಯವರು. ಆ ಇಂಜೆಕ್ಷನ್ ಇಲ್ಲದೆ ಎದ್ದು ನಡೆದು ತೋರಿಸ್ಬೇಕು," ಎಂದೆ. ಅವರು ನನ್ನ ಕೆನ್ನೆ ಸವರಿ, "ನಿನ್ನ ಮಾನ ನಾನು ಕಾಪಾಡ್ತೀನಿ, ನೀ ಬೆದರ್ಬೇಡ," ಎಂದರು. ಇಬ್ಬರೂ ನಕ್ಕೆವು.

ಆಪರೇಷನ್ ಬೆಳಿಗ್ಗೆ ಎಂಟೂವರೆಗೆ ಶುರುವಾಗಿ ಹನ್ನೆರಡಕ್ಕೆ ಮುಗಿಯಿತು. ನರದ ಮೇಲಿನ ಒತ್ತಡ ತೆಗೆದರು, ನಾಲ್ಕು ಸ್ಕ್ರೂ ಹಾಕಿ ಮೂಳೆ ಬಿಗಿದರು. ರಕ್ತ ಹೆಚ್ಚು ಹೋಗಲಿಲ್ಲ. ಒಳಗೆ ಒಸರುವ ರಕ್ತ ಹೊರಬರಲೆಂದು ಒಂದು ಸಣ್ಣ ನಳಿಕೆ ಇಟ್ಟು ಹೊಲಿದರು. ಒಂದು ಗಂಟೆಗೆ ಅತ್ತೆ ಕಣ್ಣು ಬಿಟ್ಟು ಎರಡೂ ಪಾದ ಆಡಿಸಿದರು. ನೋವು ಎಷ್ಟು ಎಂದರೆ ಒಂದು ಎಂದರು, ಅದು ನಿಜವೇ ಇರಬೇಕು. ಸರ್ಜನ್ ಊಟ ಮಾಡಿ ದಿಂಡಿಗಲ್ಲಿಗೆ ಹೊರಟರು.

ಮೂರು ಗಂಟೆಗೆ ವಾರ್ಡಿನ ಹಿರಿಯ ಸಿಸ್ಟರ್ ಫೋನ್ ಮಾಡಿದರು. ಬೋಡಿಯ ಕಡೆಯವರು, ಇಪ್ಪತ್ತೈದು ವರ್ಷದ ಸರ್ವೀಸು, ಅಳತೆಯ ಮಾತು. "ಮೇಡಂ, ಆ ಅಮ್ಮ ಎಂಟು ಅಂತಾರೆ. ಬರೆದಿದ್ದೀನಿ. ಮಾರ್ಫಿನ್ ಕೊಡಲಾ?"

"ಎಂಟಾ? ಬ್ಲಾಕ್ ಹಾಕಿದ್ದೀನಲ್ಲ, ಎಂಟು ಹೇಗೆ ಬರುತ್ತದೆ? ಇರಿ, ನಾನು ಬಂದು ಕೇಳುತ್ತೇನೆ."

ಹೋದೆ. ಮಂಚದ ಸುತ್ತ ನೆಂಟರು ನೆರೆದಿದ್ದರು. ಬೇಡ ಎಂದರೂ ಕೇಳುವ ಜನವಲ್ಲ. ಒಬ್ಬರ ಕೈಯಲ್ಲಿ ಹಾರ್ಲಿಕ್ಸ್, ಇನ್ನೊಬ್ಬರ ಕೈಯಲ್ಲಿ ಕಿತ್ತಳೆ. ಅತ್ತೆ ನನ್ನನ್ನು ಕಂಡವರೇ ಮುಖ ಅರಳಿಸಿ, "ನೋಡ್ರಿ, ನಮ್ಮ ಚಿನ್ನಮನೂರು ಪುಳ್ಳೆ, ಇವಳೇ ನನ್ನ ಡಾಕ್ಟರು," ಎಂದು ಎಲ್ಲರಿಗೂ ತೋರಿಸಿದರು. ನಾನೂ ಅಷ್ಟೇ ಜೋರಾಗಿ, ಎಲ್ಲರಿಗೂ ಕೇಳುವ ಹಾಗೆ, ಮನೆಮಾತಿನಲ್ಲೇ ನೋವಿನ ಲೆಕ್ಕ ಕೇಳಿದೆ: "ಏನತ್ತೆ, ವಲಿ ಎಷ್ಟದೆ? ಸಿಸ್ಟರ್ ಎಂಟು ಬರ್ದವ್ರೆ?"

ಒಂದು ಗಳಿಗೆ ಅವರು ನನ್ನ ಮುಖವನ್ನೇ ನೋಡಿದರು. "ಇಲ್ಲ ಕಣ್ಣು. ಆ ಸಿಸ್ಟರ್‌ಗೆ ನಾನು ಹೇಳಿದ್ದು ತಿಳೀಲಿಲ್ಲ. ಎರಡು. ಎರಡೇ ಹಾಕು," ಎಂದರು.

ನಾನು ಸಿಸ್ಟರ ಎದುರಿಗೇ, ಅವರ ಹಾಳೆಯಲ್ಲಿ ಎಂಟನ್ನು ಹೊಡೆದು ಎರಡು ಬರೆದು ಸಹಿ ಹಾಕಿದೆ. ಅಷ್ಟಕ್ಕೇ ಬಿಡಲಿಲ್ಲ. "ಅವರ ಮನೆಮಾತಿನಲ್ಲಿ ಕೇಳಿದರೆ ಸರಿಯಾದ ಲೆಕ್ಕ ಸಿಗುತ್ತದೆ ನೋಡಿ," ಎಂದು ತಮಿಳಿನಲ್ಲಿ ಒಂದು ಮಾತು ಸೇರಿಸಿದೆ. ಸಿಸ್ಟರ್ ತಲೆಯಾಡಿಸಿ ಹಾಳೆ ಮಡಚಿಕೊಂಡು ಹೋದರು.

ಆರು ಗಂಟೆಗೆ ಮನೆಗೆ ಹೊರಡುವ ಮುಂಚೆ ಮತ್ತೊಮ್ಮೆ ನೋಡಿದೆ. ಅತ್ತೆಯ ಹಣೆಯಲ್ಲಿ ಬೆವರಿತ್ತು. ಬಲಗೈ ಮಂಚದ ಕಂಬಿಯನ್ನು ಹಿಡಿದಿತ್ತು, ಬೆರಳಿನ ಗೆಣ್ಣುಗಳು ಬೆಳ್ಳಗಾಗಿದ್ದವು. ನೋಡಿದೆ. ನೋಡಲಿಲ್ಲ ಎಂದು ಯಾರ ಮುಂದೆಯೂ ಹೇಳಲಾರೆ. ಕೂರಿಸಲು ಹೋದಾಗ, "ನಾಳೆ ಕೂರ್ತೀನಿ ಕಣ್ಣು, ಇವತ್ತು ನಿದ್ದೆ ಬರ್ತದೆ," ಎಂದರು. ನಳಿಕೆಯ ಬಾಟಲಿಯಲ್ಲಿ ಮಧ್ಯಾಹ್ನದಿಂದ ಒಂದು ಹನಿಯೂ ಬಿದ್ದಿರಲಿಲ್ಲ. ರಕ್ತ ಒಸರುವುದು ನಿಂತಿದೆ, ಒಳ್ಳೆಯದು ಎಂದುಕೊಂಡೆ. ನಳಿಕೆ ಕಟ್ಟಿಕೊಂಡಿರಬಹುದು ಎಂಬುದು ಮೊದಲ ವರ್ಷದ ವಿದ್ಯಾರ್ಥಿಗೂ ಹೊಳೆಯಬೇಕು. ಪಾದ ಆಡಿಸಿ ಎಂದೆ, ಬೆರಳು ಆಡಿದವು. ಸಾಕು ಎಂದು ಹೊರಟೆ.

ಮರುದಿನ ಬೆಳಿಗ್ಗೆ ಆರೂಮುಕ್ಕಾಲಿಗೆ ಫಿಸಿಯೋಥೆರಪಿಸ್ಟ್ ಅವರನ್ನು ನಿಲ್ಲಿಸಲು ಹೋದ. ಹೋದವನು ನನಗೆ ಫೋನ್ ಮಾಡಿದ. "ಮೇಡಂ, ಎಡಪಾದ ನೇತಾಡ್ತಿದೆ. ಬಲಗಾಲಿಗೂ ಬಲ ಇಲ್ಲ. ಬೇಗ ಬನ್ನಿ."

ಹೋಗುವಷ್ಟರಲ್ಲಿ ನನಗೆ ಎಲ್ಲ ತಿಳಿದುಹೋಗಿತ್ತು. ಆದರೂ ಸೂಜಿ ಮೊನೆಯಿಂದ ಮುಟ್ಟಿ ಮುಟ್ಟಿ ನೋಡಿದೆ. ತೊಡೆಯ ಸಂದಿನಲ್ಲಿ, ಕೂರುವ ಜಾಗದಲ್ಲಿ, ಏನೂ ಗೊತ್ತಾಗುತ್ತಿರಲಿಲ್ಲ. ಮೂತ್ರದ ನಳಿಕೆ ಇದ್ದದ್ದರಿಂದ ಮೂತ್ರದ ಹತೋಟಿ ತಪ್ಪಿದ್ದು ಯಾರಿಗೂ ತಿಳಿದಿರಲಿಲ್ಲ. ಒಳಗೆ ರಕ್ತ ಹೆಪ್ಪುಗಟ್ಟಿ, ಬಿಡಿಸಿದ ನರಗಳ ಮೇಲೆಯೇ ಮತ್ತೆ ಕೂತಿತ್ತು. ಹೀಗಾಗುವುದು ಅಪರೂಪ. ಆದರೆ ಹೀಗಾಗುವಾಗ ದೇಹ ಮೊದಲೇ ಒಂದು ಎಚ್ಚರಿಕೆ ಕೊಡುತ್ತದೆ, ಅದು ತಡೆಯಲಾರದ ನೋವು. ಅದು ಹಿಂದಿನ ದಿನ ಮೂರು ಗಂಟೆಗೇ ಬಂದಿತ್ತು, ಬರೆದೂ ಆಗಿತ್ತು.

"ಯಾವಾಗಿಂದ ಅತ್ತೆ?" ಎಂದು ಕೇಳಿದೆ.

"ಹೊತ್ತು ಮುಳುಗಿದ ಮೇಲೆ ಕಾಲು ಮರಗಟ್ತು. ನೀ ಬೆನ್ನಿಗೆ ಹಾಕಿದ ಊಸಿ ಮದ್ದಿನಿಂದ ಅಂತ ಅಂದ್ಕೊಂಡೆ."

"ನೋವು?"

ಅವರು ತುಟಿ ಕಚ್ಚಿಕೊಂಡರು.

ಸರ್ಜನ್‌ಗೆ ಫೋನ್ ಮಾಡಿದೆ. "ಸ್ಕ್ಯಾನ್ ಮಾಡಿಸಿ, ಥಿಯೇಟರ್ ರೆಡಿ ಮಾಡಿ, ಹೊರಟೆ," ಎಂದರು. ಎಂಆರ್‌ಐ ನಮ್ಮಲ್ಲಿರಲಿಲ್ಲ, ಎರಡು ಬೀದಿ ಆಚೆ. ಆಂಬ್ಯುಲೆನ್ಸಿನಲ್ಲಿ ನಾನೇ ಜೊತೆಗೆ ಹೋದೆ. ರಸ್ತೆಯ ಉಬ್ಬುಗಳು ಒಂದೊಂದೂ ಅವರ ಮೈಯಲ್ಲಿ ಹಾದುಹೋಗುತ್ತಿದ್ದವು, ಸದ್ದು ಮಾತ್ರ ಬರುತ್ತಿರಲಿಲ್ಲ. ಸ್ಕ್ಯಾನಿನಲ್ಲಿ ಹೆಪ್ಪು ಸ್ಪಷ್ಟವಾಗಿ ಕಂಡಿತು. ವಾಪಸ್ ತಂದು ಥಿಯೇಟರಿನ ಹೊರಗೆ ಮಲಗಿಸಿದಾಗ ಎಂಟು ಗಂಟೆ. ದಿಂಡಿಗಲ್ಲಿನಿಂದ ಬರಲು ಇನ್ನೂ ಮುಕ್ಕಾಲು ಗಂಟೆ ಬೇಕಿತ್ತು.

ಆ ಮುಕ್ಕಾಲು ಗಂಟೆಯಲ್ಲಿ ನಾನು ಮಾಡಬಹುದಾದದ್ದು ಒಂದೇ ಇತ್ತು. ಬೀರುವಿನಿಂದ ಮಾರ್ಫಿನ್ನು ತರಿಸಿ, ರಕ್ತನಾಳಕ್ಕೆ ಸ್ವಲ್ಪ ಸ್ವಲ್ಪವೇ ಬಿಟ್ಟೆ. ಅತ್ತೆ ಕಣ್ಣು ಬಿಟ್ಟು, "ಅದಾ?" ಎಂದರು. ಹೌದು ಎಂದೆ. "ಬೇಡ, ನಿನ್ನ ಲೆಕ್ಕ ಕೆಟ್ಟೋಗ್ತದೆ," ಎಂದರು.

ನಾನು ಔಷಧಿ ಬಿಡುತ್ತಲೇ ಹೋದೆ. ಐದಾರು ನಿಮಿಷದಲ್ಲಿ ಅವರ ಹಣೆ ಸಡಿಲವಾಯಿತು, ದವಡೆ ಸಡಿಲವಾಯಿತು, ಭುಜ ಹಾಸಿಗೆಗೆ ಇಳಿಯಿತು. ನಾನು ಆ ಹೆಂಗಸಿನ ನಿಜವಾದ ಮುಖ ನೋಡಿದ್ದು ಆಗಲೇ. ಹಿಂದಿನ ಮಧ್ಯಾಹ್ನದಿಂದ ನಾನು ಮಾತಾಡಿಸಿದ್ದ, ನಗಿಸಿದ್ದ ಮುಖವೆಲ್ಲ ಹಲ್ಲು ಕಚ್ಚಿ ಹಿಡಿದುಕೊಂಡದ್ದು. ನನಗೆ ಅಳು ನುಗ್ಗಿ ಬಂತು. ಥಿಯೇಟರಿನ ಹುಡುಗಿಯರು ನೋಡುತ್ತಾರೆ ಎಂಬುದೂ ನೆನಪಾಗಲಿಲ್ಲ.

ಒಂಬತ್ತಕ್ಕೆ ಮತ್ತೆ ಬೆನ್ನು ತೆರೆದರು. ಸರ್ಜನ್ ಹೆಪ್ಪು ತೆಗೆದರು. "ನರಗಳು ಬಣ್ಣಗೆಟ್ಟಿವೆ. ಕಾದು ನೋಡಬೇಕು," ಎಂದರು.

ಆ ದಿನ ಮಧ್ಯಾಹ್ನ ನಾನು ಹಿರಿಯ ಸಿಸ್ಟರನ್ನು ಹುಡುಕಿಕೊಂಡು ಹೋದೆ. ಔಷಧಿ ಕೋಣೆಯಲ್ಲಿ ಟ್ರೇ ಒರೆಸುತ್ತಿದ್ದರು. ಸಂಜೆ ನಿಮಗೆ ಅವರು ಏನಾದರೂ ಹೇಳಿದ್ದರೇ ಎಂದು ಕೇಳಿದೆ.

"ಹೇಳಿದರು. ನೀವು ಹೋದ ಮೇಲೆ ಏಳು ಗಂಟೆಗೆ, ನೋವು ಒಂಬತ್ತು ಅಂದರು. ತಾಂಗ ಮುಡಿಯಲ ಸಿಸ್ಟರ್, ತಡೆಯೋಕೆ ಆಗ್ತಿಲ್ಲ ಅಂತ ಅತ್ತರು. ಫೋನ್ ಮಾಡ್ತೀನಿ ಅಂದೆ. ನನ್ನ ಕೈ ಹಿಡ್ಕೊಂಡು ಬೇಡ ಅಂದರು. ಆ ಹುಡುಗಿ ಇಷ್ಟು ಪಾಡು ಪಟ್ಟು ಮಾಡ್ತಿದೆ, ನನ್ನಿಂದ ಅದರ ಕೆಲಸ ಹಾಳಾಗ್ಬಾರದು, ನಮ್ಮ ಮನೆ ಮಗು ಅಂದರು."

"ಆದರೂ ನೀವು ಫೋನ್ ಮಾಡಬೇಕಿತ್ತು ಸಿಸ್ಟರ್."

ಅವರು ಟ್ರೇ ಕೆಳಗಿಟ್ಟರು. "ಮಾಡಬೇಕಿತ್ತು ಮೇಡಂ. ಅದು ನನ್ನ ತಪ್ಪು, ಸಾಯೋ ತನಕ ಇರುತ್ತೆ. ಆದರೆ ನಾನು ಬರೆದದ್ದನ್ನ ಅಷ್ಟು ಜನರ ಮುಂದೆ ಹೊಡೆದು ಹಾಕಿದಿರಿ. ಇನ್ನೊಂದು ಸಲ ಬರೆದರೂ ಅದೇ ಮಾಡ್ತೀರಿ ಅನ್ನಿಸಿತು." ಅವರ ಕಣ್ಣು ತುಂಬಿತ್ತು. ನಾನು ಕ್ಷಮೆ ಕೇಳಿದೆ. ಕೇಳಿದ್ದು ಸಾಲದು ಎಂದು ಇಬ್ಬರಿಗೂ ಗೊತ್ತಿತ್ತು.

ವಾರಗಳು ಕಳೆದವು. ಬಲಗಾಲು ಚೇತರಿಸಿತು. ಎಡಪಾದ ಏಳಲಿಲ್ಲ, ಪ್ಲಾಸ್ಟಿಕ್ಕಿನ ಪಟ್ಟಿ ಕಟ್ಟಿಕೊಂಡು, ಕೋಲು ಊರಿಕೊಂಡು ನಡೆಯಬೇಕಾಯಿತು. ಮೂತ್ರದ ಹತೋಟಿ ಬರಲೇ ಇಲ್ಲ. ದಿನಕ್ಕೆ ನಾಲ್ಕೈದು ಸಲ ತಾವೇ ನಳಿಕೆ ತೂರಿಸಿ ಮೂತ್ರ ತೆಗೆಯುವುದನ್ನು ಆ ಸಿಸ್ಟರೇ ಪರದೆ ಎಳೆದು, ಕನ್ನಡಿ ಹಿಡಿದು ಕಲಿಸಿದರು. ಜೀವಮಾನದಲ್ಲಿ ಗಂಡಸು ಡಾಕ್ಟರಿಗೆ ಸೊಂಟ ತೋರಿಸಲೂ ನಾಚಿದ ಹೆಂಗಸು ಅದನ್ನು ಯಾರ ಮುಖವನ್ನೂ ನೋಡದೆ ಕಲಿತರು. ನಾನು ಪರದೆಯ ಹೊರಗೆ ನಿಂತಿರುತ್ತಿದ್ದೆ, ಒಳಗೆ ಹೋಗುವ ಧೈರ್ಯ ಇರಲಿಲ್ಲ.

ಆಸ್ಪತ್ರೆಯಲ್ಲಿ ಮೀಟಿಂಗ್ ಆಯಿತು. ಅದಕ್ಕೆ ಎರಡು ದಿನ ಮೊದಲು ಸರ್ಜನ್ ನನ್ನನ್ನು ಪಕ್ಕಕ್ಕೆ ಕರೆದು, ಒಳ್ಳೆಯ ಮನಸ್ಸಿನಿಂದಲೇ ಹೇಳಿದರು: "ಹೆಪ್ಪುಗಟ್ಟೋದು ಆಪರೇಷನ್ನಿನ ತೊಂದರೆ. ನಿಮ್ಮ ನೋವಿನ ಕ್ರಮಕ್ಕೂ ಅದಕ್ಕೂ ಸಂಬಂಧ ಇಲ್ಲ. ನಾನು ಹಾಗೇ ಬರೀತೀನಿ. ನೀವು ಸುಮ್ಮನಿರಿ, ನಿಮ್ಮ ಕೆಲಸ ಉಳಿಯುತ್ತೆ."

ಎರಡು ದಿನ ಆ ಮಾತನ್ನು ಬಾಯಲ್ಲಿಟ್ಟುಕೊಂಡು ಚಪ್ಪರಿಸಿದೆ ಎಂದು ಹೇಳಲು ನಾಚಿಕೆಯಾಗುತ್ತದೆ. ಅವರು ಹೇಳಿದ್ದು ಅರ್ಧ ನಿಜವೂ ಹೌದು. ಹೆಪ್ಪು ಕಟ್ಟಿಸಿದ್ದು ನಾನಲ್ಲ. ಆದರೆ ಮೂರು ಗಂಟೆಗೆ ಎಂಟನ್ನು ನಂಬಿದ್ದರೆ ಆರು ಗಂಟೆಯೊಳಗೆ ಬೆನ್ನು ತೆರೆಯಬಹುದಿತ್ತು. ಆಗ ಆ ಪಾದ ಏಳುತ್ತಿತ್ತು ಎಂದು ಯಾರೂ ಆಣೆ ಮಾಡಲಾರರು. ಏಳುತ್ತಿರಲಿಲ್ಲ ಎಂದೂ ಹೇಳಲಾರರು. ಮೀಟಿಂಗಿನಲ್ಲಿ ನಾನು ಆ ಹಾಳೆಯನ್ನು ಮೇಜಿನ ಮೇಲಿಟ್ಟು, ಯಾವ ಅಂಕಿ ಯಾರದು, ಯಾಕೆ ಹೊಡೆದೆ, ಪಾಠದ ದಿನ ರೋಗಿಗೆ ಏನು ಹೇಳಿದ್ದೆ ಎಲ್ಲವನ್ನೂ ಹೇಳಿದೆ. ಅವರ ಮಗ ಮತ್ತು ಸೊಸೆಗೂ ಅದೇ ದಿನ ಹೇಳಿದೆ. ಮಗ ಎದ್ದು ಹೊರಗೆ ಹೋದ. ಸೊಸೆ ಮಾತ್ರ, "ಅತ್ತೆಗೆ ನೀವೇ ಹೇಳ್ಬೇಕು," ಎಂದಳು.

ಕ್ರಮವನ್ನು ನಿಲ್ಲಿಸಬೇಕೆಂದು ಆಡಳಿತದವರು ಹೇಳಿದಾಗ ಬೇಡ ಎಂದವರು ಹಿರಿಯ ಸಿಸ್ಟರ್. "ಹಳೆಯ ಪದ್ಧತಿಯಲ್ಲೂ ಜನ ಕೆಟ್ಟಿದ್ದಾರೆ. ಮಾರ್ಫಿನ್ ಕಡಿಮೆ ಮಾಡೋದು ತಪ್ಪಲ್ಲ. ಕೇಳೋ ರೀತಿ ತಪ್ಪು," ಎಂದರು. ನಾವಿಬ್ಬರೂ ಕೂತು ನಿಯಮ ತಿದ್ದಿದೆವು. ನೋವು ಕೇಳುವಾಗ ನೆಂಟರು ಹೊರಗಿರಬೇಕು. ಅಂಕಿ ಒಂದನ್ನೇ ನಂಬಬಾರದು. ಕೆಮ್ಮಿಸಿ, ಹೊರಳಿಸಿ, ಮುಖ ಮತ್ತು ಕೈ ನೋಡಬೇಕು. ಮೊದಲ ಡೋಸ್ ಮಾರ್ಫಿನ್ನಿಗೆ ಸಿಸ್ಟರ್ ಯಾರನ್ನೂ ಕೇಳಬೇಕಾಗಿಲ್ಲ. ಬ್ಲಾಕ್ ಇದ್ದೂ ನೋವು ಏರುತ್ತಿದ್ದರೆ ಮೊದಲ ಫೋನ್ ಸರ್ಜನ್‌ಗೆ, ಕಾಲಿನ ಬಲ ಗಂಟೆಗೊಮ್ಮೆ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಹೊಡೆಯುವಂತಿಲ್ಲ. ಮತ್ತೊಂದು ನಿಯಮ ನಾನು ನನಗೆಂದೇ ಬರೆದುಕೊಂಡೆ: ನನ್ನ ನೆಂಟರ ನೋವನ್ನು ನಾನು ಅಳೆಯುವುದಿಲ್ಲ.

ಅತ್ತೆಗೆ ಹೇಳಿದ್ದು ನಾಲ್ಕು ತಿಂಗಳಾದ ಮೇಲೆ, ತಪಾಸಣೆಗೆ ಬಂದಾಗ. ಬಾಗಿಲು ಹಾಕಿ, ಎದುರಿಗೆ ಕೂತು, ಎಲ್ಲ ಹೇಳಿದೆ. ನಿಮ್ಮ ಕೈ ಕಂಬಿ ಹಿಡಿದಿದ್ದನ್ನು ಕಂಡೂ ಹೋದೆ ಎಂಬುದನ್ನೂ ಹೇಳಿದೆ. ಅವರು ಕೋಲಿನ ಹಿಡಿಯನ್ನು ಹೆಬ್ಬೆರಳಿನಿಂದ ಉಜ್ಜುತ್ತ ಕೇಳಿದರು.

"ನೀ ಕಂಡೆ ಅಂತ ನನಗೂ ಗೊತ್ತಾಯ್ತು," ಎಂದರು. "ಡಾಕ್ಟರು ನೋಡಿ ಹೋದ್ಳಲ್ಲ, ಅಂಗಾದ್ರೆ ಇದು ಇರೋ ನೋವೇ, ತಾಂಗ್ಬೇಕಾದ ನೋವೇ ಅಂತ ತಾಂಗ್ದೆ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನಾನು ಕೈ ಹಿಡಿಯಲು ಹೋದೆ. ಅವರು ಒರಟಾಗಿ ಅಲ್ಲ, ಮೆಲ್ಲಗೆ, ಕೈ ಬಿಡಿಸಿಕೊಂಡರು. ಕೋಲು ಊರಿ ಏಳುತ್ತ, "ನಾನು ಸುಳ್ಳು ಹೇಳಿದ್ದೂ ತಪ್ಪು. ಆದ್ರೆ ನೀ ಅತ್ತೆ ಅಂತ ಕೇಳ್ದೆ. ಅತ್ತೆ ಆದೋಳು ಮನೆ ಮಗಳಿಗೆ ಏನು ಹೇಳ್ತಾಳೆ?" ಎಂದರು.

ಅವರು ಇನ್ನು ಬರುವುದಿಲ್ಲ ಎಂದುಕೊಂಡಿದ್ದೆ. ಮುಂದಿನ ವರ್ಷ ಬಂದರು, ತಮ್ಮ ತಂಗಿಯನ್ನು ಕರೆದುಕೊಂಡು. ಅದೇ ಚಪ್ಪರದ ಕೆಲಸ, ಅದೇ ಜಾರಿದ ಮೂಳೆ. ಮದುರೈಗೆ ಹೋಗಬಹುದಿತ್ತು, ಇಲ್ಲಿಗೇ ಯಾಕೆ ಬಂದಿರಿ ಎಂದು ಕೇಳಿಯೇಬಿಟ್ಟೆ. ಅತ್ತೆ ತಮಿಳಿನಲ್ಲಿ ಉತ್ತರ ಕೊಟ್ಟರು. ನನ್ನ ಜೊತೆ ಅವರು ತಮಿಳಾಡಿದ್ದು ಅದೇ ಮೊದಲು. "ಇಲ್ಲಿ ಒಂದು ಸಲ ತಪ್ಪಾಗಿದೆ, ಡಾಕ್ಟರಮ್ಮ. ಅದನ್ನ ಒಪ್ಪಿಕೊಂಡವರು ಇಲ್ಲಿದ್ದಾರೆ. ಬೇರೆ ಕಡೆ ಆಗಿದೆಯೋ ಇಲ್ಲವೋ ನಮಗೆ ಹೇಗೆ ಗೊತ್ತು?" ಆಮೇಲೆ ತಂಗಿಯ ಕಡೆ ತಿರುಗಿ ಮನೆಮಾತಿನಲ್ಲಿ, ನನಗೆ ಕೇಳುವ ಹಾಗೆಯೇ, ಹೇಳಿದರು: "ಇವ್ರ ಹತ್ರ ನಮ್ಮ ಮಾತು ಆಡ್ಬೇಡ. ಯಾವೂರು, ಯಾರ ಮನೆ ಏನೂ ಕೇಳ್ಬೇಡ. ಡಾಕ್ಟರ್ ಅನ್ನು. ವಲಿ ಬಂದ್ರೆ ಕಿರುಚು."

ತಂಗಿ ಕಿರುಚಿದರು. ಆಪರೇಷನ್ ಆದ ಮಧ್ಯಾಹ್ನ ಏಳು ಎಂದರು, ತಮಿಳಿನಲ್ಲಿ. ನಾನು ವಾರ್ಡಿಗೆ ಹೋಗುವಷ್ಟರಲ್ಲಿ ಸಿಸ್ಟರ್ ಸಣ್ಣ ಡೋಸ್ ಮಾರ್ಫಿನ್ನು ಕೊಟ್ಟಾಗಿತ್ತು, ಕಾಲಿನ ಬಲ ನೋಡಿ ಬರೆದಾಗಿತ್ತು. ಇನ್ನೊಂದು ಡೋಸ್ ಬೇಕಾಗಲಿಲ್ಲ. ಸಂಜೆ ಕೂತರು. ಮರುದಿನ ಬೆಳಿಗ್ಗೆ ವಾಕರ್ ಹಿಡಿದು ವಾರ್ಡಿನ ಉದ್ದಕ್ಕೂ ನಡೆದರು.

ಅತ್ತೆ ಗೋಡೆ ಪಕ್ಕದ ಬೆಂಚಿನ ಮೇಲೆ ಕೂತಿದ್ದರು. ತಂಗಿಯ ಮುಖವನ್ನು ನೋಡುತ್ತಿರಲಿಲ್ಲ, ಪಾದಗಳನ್ನೇ ನೋಡುತ್ತಿದ್ದರು. ಹಿಮ್ಮಡಿ ಊರಿ, ಬೆರಳು ಎತ್ತಿ, ಮತ್ತೆ ಹಿಮ್ಮಡಿ. ನಾನು ಪಕ್ಕದಲ್ಲಿ ನಿಂತಿದ್ದೆ.

"ಎರಡು ಕಾಲೂ ಎತ್ತಿ ಎತ್ತಿ ಇಡ್ತಾಳೆ," ಎಂದರು ಅತ್ತೆ. ಯಾರಿಗೆ ಹೇಳಿದರೋ, ಮನೆಮಾತಿನಲ್ಲಿ ಹೇಳಿದರು. ಆಮೇಲೆ ಎಡಗಾಲಿನ ಪಟ್ಟಿ ಬಿಗಿ ಮಾಡುವವರ ಹಾಗೆ ಕೆಳಕ್ಕೆ ಬಗ್ಗಿದವರು ಬಹಳ ಹೊತ್ತು ತಲೆ ಎತ್ತಲಿಲ್ಲ. ಹಾಗೆ ಬಗ್ಗಬಾರದು, ಬೆನ್ನಿಗೆ ಒಳ್ಳೆಯದಲ್ಲ ಎಂದು ನಾನು ಹೇಳಬೇಕಿತ್ತು. ಏನೆಂದು ಕರೆದು ಹೇಳಲಿ ಎಂದು ತಿಳಿಯದೆ ಸುಮ್ಮನೆ ನಿಂತೆ.